ಗೋಧಿ ಒಗ್ಗದ ಮಗುವಿಗೆ ನಾರಿನ ಊಟ
(ಗ್ರಾಮಸೇವಕರು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ಸಲ ಬೀಜ, ಗೊಬ್ಬರಗಳ ವಿಷಯ ಹೇಳುತ್ತಿದ್ದವನು ಇಂದು ಮಕ್ಕಳ ಊಟದ ವಿಷಯ ಹೇಳಲಿದ್ದೇನೆ. ಅದಕ್ಕೆ ಕಾರಣ ನನ್ನ ಅಕ್ಕನ ಏಳು ವರ್ಷದ ಮಗ. ಅವನಿಗೆ ಸೀಲಿಯಾಕ್ ರೋಗವಿದೆಯೆಂದು ವೈದ್ಯರು ಪರೀಕ್ಷಿಸಿ ಹೇಳಿದರು. ಗೋಧಿ, ಜವೆಗೋಧಿಗಳಲ್ಲಿರುವ ಗ್ಲೂಟೆನ್ ಎಂಬ ಅಂಟು ಇಂಥವರ ಕರುಳನ್ನು ಕೆಡಿಸುತ್ತದೆ. ಚಪಾತಿ, ಗೋಧಿರವೆ, ಮೈದಾ, ಅಂಗಡಿಯ ಬಿಸ್ಕತ್ತು ಇವನ್ನು ಜೀವಮಾನವಿಡೀ ಬಿಡಬೇಕು.

ಅಕ್ಕ ಹೆದರಿ ಮೂರು ಹೊತ್ತೂ ಬಿಳಿ ಅನ್ನವನ್ನೇ ಬಡಿಸಿದಳು. ಭೇದಿ ನಿಂತಿತು, ಆದರೆ ಮಲಬದ್ಧತೆ ಹಿಡಿಯಿತು. ಬೆಳಗಾದರೆ ಹುಡುಗ ಅಳುತ್ತಿದ್ದ. ಗೋಧಿ ಬಿಡಿಸಿದ್ದು ತಪ್ಪಲ್ಲ. ಗೋಧಿಯೊಡನೆ ಹೋದ ನಾರನ್ನು ಬೇರೆ ಧಾನ್ಯದಿಂದ ತುಂಬಿಕೊಡದಿದ್ದುದೇ ತಪ್ಪು.

ಲೆಕ್ಕ ನೋಡಿ. ಮಗುವಿನ ವಯಸ್ಸಿಗೆ 5 ಕೂಡಿಸಿದರೆ ದಿನಕ್ಕೆ ಕನಿಷ್ಠ ಎಷ್ಟು ಗ್ರಾಂ ನಾರು ಬೇಕೆಂಬುದು ತಿಳಿಯುತ್ತದೆ. ಏಳು ವರ್ಷದವನಿಗೆ 12 ಗ್ರಾಂ. 100 ಗ್ರಾಂ ಬಿಳಿ ಅಕ್ಕಿಯಲ್ಲಿರುವುದು ಸುಮಾರು 3 ಗ್ರಾಂ. ಅಷ್ಟೇ ರಾಗಿಯಲ್ಲಿ 11, ಜೋಳದಲ್ಲಿ 10. ಇವೆರಡರಲ್ಲೂ ಗ್ಲೂಟೆನ್ ಇಲ್ಲ. ಮದ್ದು ನಮ್ಮ ಹೊಲದಲ್ಲೇ ಇದೆ!

ಆದುದರಿಂದ ಮುದ್ದೆ, ಜೋಳದ ರೊಟ್ಟಿ, ನವಣೆ ಅನ್ನ ಕೊಡಿ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಿ ತೌಡನ್ನು ಎಸೆಯಬೇಡಿ. ಹೆಸರುಕಾಳು, ಅವರೆ, ಹುರುಳಿ, ನುಗ್ಗೆಸೊಪ್ಪು, ಸೀಬೆಹಣ್ಣು ಜೊತೆಗಿರಲಿ. ಆದರೆ ಒಂದೇ ದಿನ ಎಲ್ಲವನ್ನೂ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸೀತು. ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ, ನೀರನ್ನು ಧಾರಾಳವಾಗಿ ಕುಡಿಸಿ. ಕರುಳು ಇನ್ನೂ ವಾಸಿಯಾಗದ ಮಗುವಾದರೆ ವೈದ್ಯರನ್ನು ಕೇಳಿಯೇ ಆರಂಭಿಸಿ.

ಇನ್ನೊಂದು ಎಚ್ಚರಿಕೆ. ಗೋಧಿ ಒಕ್ಕಿದ ಕಣದಲ್ಲಿ, ಗೋಧಿ ತುಂಬಿದ್ದ ಚೀಲದಲ್ಲಿ ಮಗುವಿನ ಜೋಳ ಬೆರೆಯಬಾರದು. ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ನಮ್ಮ ರಾಗಿ ಹಾಕಿದರೆ ಉಳಿದ ಗೋಧಿಹಿಟ್ಟು ಅದರಲ್ಲಿ ಸೇರುತ್ತದೆ. ಗೋಧಿ ಮುಟ್ಟದ ಬೀಸುವ ಕಲ್ಲು ಮನೆಯಲ್ಲಿದ್ದರೆ ಅದೇ ಲೇಸು. ಅಂಗಡಿಯ ಇಂಗಿಗೂ ಗೋಧಿಹಿಟ್ಟು ಬೆರೆಸುವುದುಂಟು.

ಮಗುವಿಗೆ ಬಹುಕಾಲದಿಂದ ಭೇದಿಯಿದ್ದು, ಮೈ ಹತ್ತದಿದ್ದರೆ ನೀವಾಗಿಯೇ ಗೋಧಿ ಬಿಡಿಸಬೇಡಿ. ಮೊದಲು ರಕ್ತಪರೀಕ್ಷೆ ಮಾಡಿಸಿ. ಗೋಧಿ ಬಿಟ್ಟ ಮೇಲೆ ಪರೀಕ್ಷಿಸಿದರೆ ರೋಗವಿದ್ದರೂ ಕಾಣದೆ ಹೋಗಬಹುದು.

ಅಕ್ಕನ ಮಗ ಈಗ ಅಳುವುದಿಲ್ಲ. ಅವರೆಕಾಳಿನ ಸಾರಿದ್ದ ದಿನ ಇನ್ನೊಂದು ತುತ್ತು ಮುದ್ದೆ ಕೇಳುತ್ತಾನೆ. ನಿಮ್ಮ ಮನೆಯ ಮಕ್ಕಳೂ ಹಾಗೆಯೇ ಕೇಳಿ ಉಣ್ಣಲಿ.