ಗುಲ್ಮ: ಎಡ ಪಕ್ಕೆಲುಬಿನ ಮರೆಯಲ್ಲಿರುವ ಅಂಗ



ಹೃದಯದ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡಿ ಎಂದು ನನ್ನನ್ನು ಕರೆದವರು ಹಲವರು. ಗುಲ್ಮದ ಬಗ್ಗೆ ಹೇಳಿ ಎಂದು ಈವರೆಗೆ ಯಾರೂ ಕರೆದಿಲ್ಲ. ಈ ವಿಷಯವನ್ನು ನಾನೇ ಕೇಳಿ ಪಡೆದುಕೊಂಡೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಗುಲ್ಮ ಅಥವಾ ಪ್ಲೀಹ ಎಂದರೆ ಇಂಗ್ಲಿಷಿನ ಸ್ಪ್ಲೀನ್. ಉರ್ದು ಮಾತನಾಡುವ ಮನೆಗಳಲ್ಲಿ ಇದು ತಿಲ್ಲಿ. ಮಾಂಸದಂಗಡಿಯಲ್ಲಿ ಕಲೇಜದ ಜೊತೆ ನೇರಳೆ ಬಣ್ಣದ ಮೆತ್ತನೆಯ ತುಂಡೊಂದನ್ನು ನೀವು ನೋಡಿರುತ್ತೀರಿ, ಅದೇ ಇದು. ಯುನಾನಿ ವೈದ್ಯದಲ್ಲಿ ಇದರ ಹೆಸರು ತಿಹಾಲ್. ಸೌದಾ ಎಂಬ ಕಪ್ಪು ಪಿತ್ತವನ್ನು ರಕ್ತದಿಂದ ಹೀರಿಕೊಳ್ಳುವ ಅಂಗ ಇದೆಂದು ಹಳೆಯ ಹಕೀಮರು ನಂಬಿದ್ದರು. ಕಪ್ಪು ಪಿತ್ತವನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ಆದರೆ ರಕ್ತವನ್ನು ಸೋಸುವ ಅಂಗವೆಂಬ ಅವರ ಅಂದಾಜು ತಪ್ಪಾಗಿರಲಿಲ್ಲ.

ಹೊಟ್ಟೆಯ ಎಡ ಮೇಲ್ಭಾಗದಲ್ಲಿ, ವಪೆಯ ಕೆಳಗೆ, ಜಠರದ ಹಿಂದೆ ಇದರ ಸ್ಥಾನ. ವೈದ್ಯಕೀಯ ವಿದ್ಯಾರ್ಥಿಗಳಿಗೆ 1, 3, 5, 7, 9, 11 ಎಂಬ ಸುಲಭ ಲೆಕ್ಕ ಹೇಳಿಕೊಡುತ್ತಾರೆ: 1 ಅಂಗುಲ ದಪ್ಪ, 3 ಅಂಗುಲ ಅಗಲ, 5 ಅಂಗುಲ ಉದ್ದ, 7 ಔನ್ಸ್ ತೂಕ, 9ರಿಂದ 11ನೆಯ ಪಕ್ಕೆಲುಬುಗಳ ಮರೆ. ನಿಜ ಹೇಳಬೇಕೆಂದರೆ ತೂಕ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ, 150 ಗ್ರಾಂ ಆಸುಪಾಸು. ಬಾಯಿಪಾಠಕ್ಕೆ ಹೊಂದಲಿ ಎಂದು 7 ಉಳಿದುಕೊಂಡಿದೆ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಗುಲ್ಮದೊಳಗಿನ ಅತಿ ಸಣ್ಣ ಸೀಳುಗಳಲ್ಲಿ ಈ ಕಣಗಳು ಮೈ ಬಳುಕಿಸಿ ನುಸುಳಬೇಕು. ಎಳೆಯ ಕಣ ನುಸುಳುತ್ತದೆ. ಮುದಿಯಾಗಿ ಬಿಗಿತುಕೊಂಡದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಅಲ್ಲಿ ಕಾದಿರುವ ಭಕ್ಷಕ ಕೋಶಗಳು ಅದನ್ನು ನುಂಗಿ, ಒಳಗಿನ ಕಬ್ಬಿಣವನ್ನು ಮರುಬಳಕೆಗೆ ಕಳುಹಿಸುತ್ತವೆ. ಇದು ಕೆಂಪು ತಿರುಳಿನ ಕೆಲಸ. ಬಿಳಿ ತಿರುಳು ರೋಗಾಣುಗಳ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ದೇಹದ ಪ್ಲೇಟ್‌ಲೆಟ್‌ಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಗುಲ್ಮದಲ್ಲೇ ಇರುತ್ತದೆ.

ಆರೋಗ್ಯವಂತ ವಯಸ್ಕರಲ್ಲಿ ಗುಲ್ಮ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ವೈದ್ಯರ ಬೆರಳಿಗೆ ತಾಗುವ ಹೊತ್ತಿಗೆ ಅದು ಎರಡು ಮೂರು ಪಟ್ಟು ಬೆಳೆದಿರುತ್ತದೆ. ಮಲೇರಿಯಾ, ಟೈಫಾಯ್ಡ್, ಕಾಲಾ ಆಜಾರ್, ಯಕೃತ್ತಿನ ಸಿರೋಸಿಸ್, ಥಲಸೇಮಿಯಾ, ಕೆಲವು ಬಗೆಯ ರಕ್ತ ಕ್ಯಾನ್ಸರ್ ಇದಕ್ಕೆ ಕಾರಣ. 1840ರ ದಶಕದಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯರು ಉತ್ತರ ಭಾರತದ ಕಾಲುವೆ ಬದಿಯ ಹಳ್ಳಿಗಳಲ್ಲಿ ಜನರ ಹೊಟ್ಟೆ ಮುಟ್ಟಿ, ಎಷ್ಟು ಮಂದಿಗೆ ಗುಲ್ಮ ಊದಿದೆ ಎಂದು ಎಣಿಸಿ, ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆದರು. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಇದಾದ ಅರ್ಧ ಶತಮಾನದ ಬಳಿಕ.

ಈಗ ನಾನು ಈ ವಿಷಯ ಆರಿಸಿಕೊಂಡ ಕಾರಣ. ಕೆಲವು ವರ್ಷಗಳ ಹಿಂದೆ ಇಪ್ಪತ್ತೆರಡರ ಯುವಕನೊಬ್ಬನನ್ನು ಮನೆಯವರು ರಾತ್ರಿ ನನ್ನ ಬಳಿ ಕರೆತಂದರು. ಬೆಳಿಗ್ಗೆ ಬಂದ ಜ್ವರ. ಸಾಮಾನ್ಯ ಜ್ವರವೆಂದು ಮಾತ್ರೆ ಕೊಟ್ಟು ಮಲಗಿಸಿದ್ದರು. ನನ್ನ ಮುಂದೆ ಬಂದಾಗ ರಕ್ತದೊತ್ತಡ ಕುಸಿದಿತ್ತು, ಕೈಕಾಲು ತಣ್ಣಗಾಗಿದ್ದವು. ಹೊಟ್ಟೆಯ ನಡುವೆ ಉದ್ದನೆಯ ಹಳೆಯ ಗಾಯದ ಗುರುತು. "ಹೈಸ್ಕೂಲಿನಲ್ಲಿದ್ದಾಗ ಬೈಕಿನಿಂದ ಬಿದ್ದಿದ್ದ ಡಾಕ್ಟ್ರೇ, ಆಪರೇಷನ್ ಮಾಡಿ ಏನೋ ತೆಗೆದರು" ಎಂದರು ತಾಯಿ. ತೆಗೆದದ್ದು ಗುಲ್ಮವನ್ನು. ಆ ಆಸ್ಪತ್ರೆಯ ಚೀಟಿಯಲ್ಲಿ ಲಸಿಕೆಯ ಮಾತೇ ಇರಲಿಲ್ಲ. ಬೆಳಗಾಗುವ ಮುಂಚೆ ಹುಡುಗ ತೀರಿಕೊಂಡ.

ನ್ಯುಮೋಕಾಕಸ್‌ನಂತಹ ಕೆಲವು ಬ್ಯಾಕ್ಟೀರಿಯಾಗಳ ಮೈಮೇಲೆ ಜಾರುವ ಕವಚವಿರುತ್ತದೆ. ಅವುಗಳನ್ನು ರಕ್ತದಿಂದ ಹಿಡಿದು ತೆಗೆಯುವುದರಲ್ಲಿ ಗುಲ್ಮದ ಪಾತ್ರ ದೊಡ್ಡದು. ಅದಿಲ್ಲದಾಗ ಸೋಂಕು ಗಂಟೆಗಳಲ್ಲಿ ಮೈಯೆಲ್ಲ ಹರಡಬಹುದು. ಗುಲ್ಮ ತೆಗೆದ ಶಿಶುಗಳಲ್ಲಿ ಇಂಥ ಸೋಂಕನ್ನು ಕಿಂಗ್ ಮತ್ತು ಶುಮಾಕರ್ ಎಂಬ ಶಸ್ತ್ರವೈದ್ಯರು 1952ರಲ್ಲಿ ವರದಿ ಮಾಡಿದರು. ಆದ್ದರಿಂದಲೇ ಇಂದು ಪೆಟ್ಟಾದ ಗುಲ್ಮವನ್ನು, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ, ತೆಗೆಯದೆ ಸ್ಕ್ಯಾನ್ ಮಾಡಿ, ಹಾಸಿಗೆಯಲ್ಲಿಟ್ಟು ಕಾಯುತ್ತೇವೆ.

ಪೆಟ್ಟಿನ ಬಗ್ಗೆ ಇನ್ನೊಂದು ಮಾತು. ಗುಲ್ಮ ಒಡೆದರೆ ನೋವು ಕೆಲವೊಮ್ಮೆ ಎಡ ಭುಜದ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ, ವಪೆಯ ನರವೂ ಭುಜದ ನರವೂ ಕುತ್ತಿಗೆಯ ಒಂದೇ ಜಾಗದಿಂದ ಹೊರಡುವುದರಿಂದ. ರಕ್ತಸ್ರಾವ ಕೆಲವು ದಿನ ತಡವಾಗಿ ಆರಂಭವಾಗುವುದೂ ಉಂಟು. ಬಿದ್ದ ಹುಡುಗ ಎದ್ದು ನಡೆದ ಎಂದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ.

ಗುಲ್ಮ ತೆಗೆಯಲೇಬೇಕಾದಾಗ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಮೋಫಿಲಸ್ ಲಸಿಕೆಗಳನ್ನು ಶಸ್ತ್ರಕ್ರಿಯೆಗೆ ಕನಿಷ್ಠ ಎರಡು ವಾರ ಮುಂಚೆ ಕೊಡಬೇಕು. ತುರ್ತಾಗಿ ತೆಗೆದಿದ್ದರೆ ಎರಡು ವಾರದ ನಂತರ. ತಪ್ಪಿಹೋಗಿದ್ದರೆ ವರ್ಷಗಳ ಬಳಿಕವೂ ಕೊಡಬಹುದು. ಲಸಿಕೆ ಹಾಕಿಸಿಕೊಂಡವರೂ ಜ್ವರ ಬಂದರೆ ಮರುದಿನಕ್ಕೆ ಕಾಯುವಂತಿಲ್ಲ. ಆಸ್ಪತ್ರೆಗೆ ಹೋಗಿ ಮೊದಲ ಮಾತಿನಲ್ಲೇ "ನನಗೆ ಗುಲ್ಮವಿಲ್ಲ" ಎನ್ನಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಅಪಘಾತಕ್ಕೋ ರಕ್ತದ ಕಾಯಿಲೆಗೋ ಹೊಟ್ಟೆಯ ಆಪರೇಷನ್ ಆಗಿದ್ದರೆ, ಈ ಪತ್ರಿಕೆಯನ್ನು ಮಡಚಿಟ್ಟು ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಹುಡುಕಿ. ಅದರಲ್ಲಿ ಸ್ಪ್ಲೀನೆಕ್ಟಮಿ ಎಂಬ ಪದವಿದೆಯೇ ನೋಡಿ.