ಕಿರ್ದಿ ಪುಸ್ತಕದಿಂದ ಡಿಪ್ಲೊಮಾದವರೆಗೆ



ಹಣಕಾಸು ನಿರ್ವಹಣೆಯ ಡಿಪ್ಲೊಮಾ ಎಂದರೆ ಹೈದರಾಬಾದಿನ ದೊಡ್ಡ ಕಚೇರಿಗಳಲ್ಲಿ ಕೂಡುವವರ ಓದು, ನಮ್ಮಂಥ ಹಳ್ಳಿಯವರಿಗೆ ಅದರಿಂದ ಏನಾಗಬೇಕು ಎಂದು ನಾರಾಯಣಖೇಡದ ಕಡೆಯ ಹುಡುಗರು ಕೇಳುತ್ತಾರೆ. ಈ ಹೊತ್ತು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ. ನಾನು ಮೆಟ್ರಿಕ್‌ವರೆಗೆ ಓದಿದವನು. ಬ್ಯಾಂಕಿಗೆ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಪಂಡಿತರ ಮಾತು ನನ್ನಿಂದ ಬಾರದು. ಹಗಲು ಕೌಂಟರಿನಲ್ಲಿ ಕಂಡದ್ದು, ರಾತ್ರಿ ಓದಿ ತಿಳಿದದ್ದು, ಇವೆರಡನ್ನೇ ಹೇಳುತ್ತೇನೆ.

ಮೊದಲು ನಮ್ಮ ಸೀಮೆಯ ಸಂಗತಿ. ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ತೆಲಂಗಾಣದಲ್ಲಿವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರದಲ್ಲಿ ಉರ್ದು, ಬೀಗರೊಡನೆ ಮರಾಠಿ ಆಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥ ಮನೆಯ ಮಗುವಿನ ಮುಂದೆ ಹಣಕಾಸಿನ ಪುಸ್ತಕ ಐದನೆಯ ಭಾಷೆಯಾದ ಇಂಗ್ಲಿಷಿನಲ್ಲಿ ಬಂದು ಕೂಡುತ್ತದೆ. ಹುಡುಗ ಹೆದರುವುದು ಲೆಕ್ಕಕ್ಕಲ್ಲ, ಭಾಷೆಗೆ.

ನಮ್ಮ ಕಾಲಕ್ಕೆ ಬ್ಯಾಂಕಿನ ನೌಕರರಿಗೆಂದು ಒಂದು ಪರೀಕ್ಷೆ ಇತ್ತು. 1928ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಸಂಸ್ಥೆ ಅದನ್ನು ನಡೆಸುತ್ತಿತ್ತು. ಸಿ.ಎ.ಐ.ಐ.ಬಿ. ಎಂದು ಅದರ ಹೆಸರು. ಪಾಸಾದವರಿಗೆ ಸಂಬಳದಲ್ಲಿ ಹೆಚ್ಚಿನ ಇನ್‌ಕ್ರಿಮೆಂಟು ಸಿಗುತ್ತಿತ್ತು. ನಾನು ಓದಲು ಕುಳಿತದ್ದೂ ಅದರ ಆಸೆಗೇ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ಹೊಳೆಯಿತು. ಪುಸ್ತಕದ ಕ್ಯಾಶ್ ಬುಕ್ ಎಂದರೆ ನಮ್ಮ ಕಿರಾಣಿ ಅಂಗಡಿಯ ಕಿರ್ದಿ. ಲೆಡ್ಜರ್ ಎಂದರೆ ಖತಾವಣಿ. ಕ್ರೆಡಿಟ್ ಸೇಲ್ ಎಂದರೆ ಉದ್ರಿ. ಕ್ಲೋಸಿಂಗ್ ಬ್ಯಾಲೆನ್ಸ್ ಎಂದರೆ ಆಖೇರಿ ಶಿಲ್ಕು. ನೋಟ್‌ಬುಕ್ಕಿನ ಎಡಕ್ಕೆ ಇಂಗ್ಲಿಷ್ ಶಬ್ದ, ಬಲಕ್ಕೆ ಬಜಾರದ ಶಬ್ದ ಬರೆದುಕೊಂಡೆ. ಅರ್ಧ ಭಯ ಅಲ್ಲಿಗೇ ಹೋಯಿತು. ನೀವೂ ಹೀಗೆ ಮಾಡಿ ನೋಡಿ.

ಈಗ ಒಂದು ಉದಾಹರಣೆ. ಮುಂಗಾರಿಗೆ ತೊಗರಿ ಬಿತ್ತುತ್ತೇವೆ. ರಾಶಿಯಾಗುವುದು ಚಳಿಗಾಲಕ್ಕೆ. ನಡುವಿನ ಆರೇಳು ತಿಂಗಳು ಗೊಬ್ಬರ, ಔಷಧ, ಕೂಲಿ, ಮಕ್ಕಳ ಫೀಸು ಎಂದು ರೊಕ್ಕ ಹೋಗುತ್ತಲೇ ಇರುತ್ತದೆ, ಬರುವುದಿಲ್ಲ. ಈ ನಡುವಿನ ಕಾಲವನ್ನು ದಾಟಿಸುವ ಹಣಕ್ಕೆ ಪುಸ್ತಕದಲ್ಲಿ ವರ್ಕಿಂಗ್ ಕ್ಯಾಪಿಟಲ್ ಎನ್ನುತ್ತಾರೆ, ಅಂದರೆ ದುಡಿಯುವ ಬಂಡವಾಳ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರೇನೋ ದೊಡ್ಡದು. ಆದರೆ ರಾಶಿಯಾದ ದಿನವೇ ಸಾಲ ಕೊಟ್ಟವನು ಬಾಗಿಲಿಗೆ ಬಂದರೆ ರೈತ ಅಂದಿನ ಧಾರಣೆಗೆ ಮಾರಲೇಬೇಕು. ಇನ್ನೆರಡು ತಿಂಗಳ ಖರ್ಚಿಗೆ ಮೊದಲೇ ದಾರಿ ಮಾಡಿಕೊಂಡವನು ಮಾರಲೋ ಕಾಯಲೋ ಎಂದು ತಾನೇ ಯೋಚಿಸಬಲ್ಲ. ಬೆಳೆ ಒಂದೇ, ಹೊಲ ಒಂದೇ. ಬೇರೆಯಾದದ್ದು ಹಣದ ನಿರ್ವಹಣೆ.

ಇನ್ನೊಂದು ಲೆಕ್ಕ. ಕಾಗದ, ಪೆನ್ಸಿಲು ಹತ್ತಿರವಿದ್ದರೆ ತೆಗೆದುಕೊಳ್ಳಿ. ಮೋಟಾರ್ ಸೈಕಲ್ಲಿಗೆ ಸಾಲ ಕೊಡುವ ಏಜೆಂಟರು ಹೇಳುವುದುಂಟು: "60,000 ರೂಪಾಯಿ ಸಾಲ, ಬಡ್ಡಿ ನೂರಕ್ಕೆ ವರ್ಷಕ್ಕೆ ಬರೀ 12, ಫ್ಲ್ಯಾಟ್ ರೇಟು." ಬಡ್ಡಿ 7,200. ಅಸಲು ಬಡ್ಡಿ ಸೇರಿ 67,200. ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 5,600. ಸರಿಯಾಗಿಯೇ ಕಾಣುತ್ತದೆ, ಅಲ್ಲವೆ? ಆದರೆ ನೀವು ತಿಂಗಳು ತಿಂಗಳು 5,000 ಅಸಲನ್ನೂ ತೀರಿಸುತ್ತ ಬರುತ್ತೀರಿ. ಮೊದಲ ತಿಂಗಳು ನಿಮ್ಮ ಮೇಲಿನ ಸಾಲ 60,000, ಎರಡನೆಯ ತಿಂಗಳು 55,000, ಕೊನೆಯ ತಿಂಗಳು 5,000. ಹನ್ನೆರಡೂ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಬರುವುದು 32,500. ವರ್ಷವಿಡೀ ಸರಾಸರಿ ನಿಮ್ಮ ಕೈಯಲ್ಲಿದ್ದದ್ದು ಇಷ್ಟೇ. ಇದರ ಮೇಲೆ 7,200 ಬಡ್ಡಿ ಎಂದರೆ ನೂರಕ್ಕೆ ಸುಮಾರು 22 ಆಯಿತು! ಹನ್ನೆರಡು ಎಂದು ಒಪ್ಪಿ ಸಹಿ ಹಾಕಿ, ಇಪ್ಪತ್ತೆರಡು ಕಟ್ಟಿದವರನ್ನು ನಾನು ಬಹಳ ಕಂಡಿದ್ದೇನೆ. ಅವರಲ್ಲಿ ಪದವೀಧರರೂ ಇದ್ದರು.

ಸಾವುಕಾರರ ತಿಂಗಳ ಬಡ್ಡಿಯೂ ಹಾಗೆಯೇ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಎಂದರೆ ಸಣ್ಣದು ಎನಿಸುತ್ತದೆ. ಬಾಕಿ ಬಡ್ಡಿಯನ್ನು ಪ್ರತಿ ತಿಂಗಳು ಅಸಲಿಗೆ ಸೇರಿಸುತ್ತ ಹೋದರೆ 10,000 ರೂಪಾಯಿ ಮೂರು ವರ್ಷಕ್ಕೆ 20,000 ದಾಟುತ್ತದೆ. ಅದೇ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ, ನಿಗದಿಯಾದ ಮಿತಿಯೊಳಗೆ ತೆಗೆದುಕೊಂಡು ಸಕಾಲಕ್ಕೆ ಕಟ್ಟಿದರೆ, ವರ್ಷಕ್ಕೆ ನೂರಕ್ಕೆ 4ರಂತೆ ಬೀಳುತ್ತದೆ. ಎಲ್ಲಿಂದ ಸಾಲ ತೆಗೆಯಬೇಕು, ಯಾವುದನ್ನು ಮೊದಲು ತೀರಿಸಬೇಕು ಎಂಬ ತಿಳಿವಳಿಕೆಯೇ ಆ ಡಿಪ್ಲೊಮಾದ ತಿರುಳು.

ಓದುವ ದಾರಿಗಳೂ ಇವೆ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ನಮ್ಮ ಹೈದರಾಬಾದಿನಲ್ಲೇ ಆರಂಭವಾಯಿತು. ಈಗ ಅದು ಡಾ. ಬಿ. ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯ. 1985ರಲ್ಲಿ ಆರಂಭವಾದ ಇಗ್ನೋ, ಪದವಿ ಮುಗಿಸಿದವರಿಗೆ ಹಣಕಾಸು ನಿರ್ವಹಣೆಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಅಂಗಡಿಯಲ್ಲಿ ಕುಳಿತು, ಹೊಲದ ಕೆಲಸ ಮಾಡುತ್ತ ಮನೆಯಲ್ಲೇ ಓದಬಹುದು. ಫೀಸು, ಅರ್ಹತೆ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿ.

ಪದವಿ ಇಲ್ಲದವರು ನಿರಾಶರಾಗಬೇಡಿ. ಇವತ್ತೇ ಒಂದು ನೋಟ್‌ಬುಕ್ಕು ತಂದು ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆಯಿರಿ. ಮಹಿಳಾ ಸಂಘದ ಅಕ್ಕಂದಿರು ಹೀಗೆ ಲೆಕ್ಕ ಬರೆದು ಸಾಲ ಪಡೆದು ತೀರಿಸುವುದನ್ನು ನಾವು ನೋಡುತ್ತಿಲ್ಲವೆ? ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರಿಗೂ ಒಂದು ವಿನಂತಿ. ನೌಕರಿ ನಿಮಗೆ ಸಿಗಲಿ. ಆದರೆ ಊರಿಗೆ ಬಂದಾಗ ಅಪ್ಪ, ಕಾಕಾ ಸಹಿ ಹಾಕುವ ಮುಂಚೆ ಆ ಸಾಲದ ಕಾಗದವನ್ನು ಕೈಗೆ ತೆಗೆದುಕೊಂಡು, ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳಿ. ನಿಮ್ಮ ಓದಿನ ಫಲ ಮನೆಗೆ ಮೊದಲು ಮುಟ್ಟುವುದು ಹಾಗೆ.