ಬಸಿರಿನ ಕೂಸಿಗೆ ತಲುಪಿದ ಪಾದರಸ
(ಕಾರ್ಮಿಕರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬಸುರಿಯ ಹೊಟ್ಟೆಯೊಳಗಿನ ಕೂಸಿನ ಮಿದುಳು ಹೇಗೆ ಬೆಳೆಯುತ್ತದೆಂಬುದು ಡಾಕ್ಟರರ ವಿಷಯ, ಕೂಲಿ ಬೋನಸ್ಸುಗಳ ಮಾತಾಡಬೇಕಾದ ಸಭೆಯಲ್ಲಿ ಅದೇಕೆ ಎಂದು ಕೆಲವರು ಕೇಳಿದ್ದಾರೆ. ಜಪಾನಿನ ಮಿನಮಾತ ಎಂಬ ಊರಿನ ಸಂಗತಿ ಕೇಳಿದರೆ ಉತ್ತರ ಸಿಕ್ಕುತ್ತದೆ.

ಕ್ಯೂಶೂ ದ್ವೀಪದ ಕಡಲಂಚಿನ ಆ ಊರಿಗೆ ಚಿಸ್ಸೊ ಕಂಪನಿಯೇ ಅನ್ನದಾತ. 1932ರಿಂದ 1968ರವರೆಗೆ ಅದು ಪಾದರಸ ಬಳಸಿ ಅಸೆಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸಿತು. ಕೊಳೆನೀರು ಸಮುದ್ರದ ಪಾಲಾಯಿತು. ಮೀಥೈಲ್ ಪಾದರಸ ಮೀನಿನ ಮೈ ಸೇರಿತು, ಮೀನು ಬೆಸ್ತರ ಹೊಟ್ಟೆ ಸೇರಿತು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಮನುಷ್ಯರ ಕೈಕಾಲು ನಡುಗಿದವು, ಮಾತು ತೊದಲಿತು. ಕಂಪನಿಯ ಆಸ್ಪತ್ರೆಯವರು ಈ ರೋಗವನ್ನು ಸರ್ಕಾರಿ ಆರೋಗ್ಯ ಕಚೇರಿಗೆ ತಿಳಿಸಿದ್ದು 1956ರ ಮೇ 1ರಂದು. ಕಾರ್ಮಿಕರ ದಿನವೇ ಅದು!

ಅದೇ ಕೇರಿಗಳಲ್ಲಿ ಕತ್ತು ನಿಲ್ಲದ, ಮಾತು ಬಾರದ ಮಕ್ಕಳು ಹುಟ್ಟುತ್ತಿದ್ದವು. ಕೂಸು ಮೀನು ತಿಂದಿಲ್ಲ, ತಾಯಿಯ ಮಾಸು ವಿಷವನ್ನು ಒಳಕ್ಕೆ ಬಿಡದು, ಆದುದರಿಂದ ಇದು ಬೇರೆ ರೋಗವೆಂದು ಪಂಡಿತರು ತೀರ್ಮಾನಿಸಿದ್ದರು. ತಾಯಂದಿರು ಒಪ್ಪಲಿಲ್ಲ. ತಾವು ತಿಂದ ಮೀನಿನ ವಿಷವೇ ಮಗುವಿಗೆ ಇಳಿದಿದೆಯೆಂದರು. ಸತ್ತ ಮಕ್ಕಳ ಮಿದುಳನ್ನು ಪರೀಕ್ಷಿಸಿದ ಮೇಲೆ, 1962ರ ನವೆಂಬರಿನಲ್ಲಿ, 16 ಮಕ್ಕಳಿಗೆ ಅದೇ ರೋಗವೆಂದು ಒಪ್ಪಬೇಕಾಯಿತು. ಮಾಸು ಈ ವಿಷಕ್ಕೆ ಗೋಡೆಯಲ್ಲ, ಬಾಗಿಲು. ತಾಯಿಗೆ ಅಷ್ಟಾಗಿ ಏನೂ ಕಾಣದಿದ್ದರೂ, ಆಗತಾನೆ ಕಟ್ಟುತ್ತಿರುವ ಕೂಸಿನ ಮಿದುಳು ಎಲ್ಲೆಡೆಯೂ ಕೆಡುತ್ತದೆ. ಜಪಾನಿನ ಮನೆಗಳಲ್ಲಿ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪೆಟ್ಟಿಗೆಯಲ್ಲಿಡುತ್ತಾರೆ (ನಮ್ಮಲ್ಲೂ ಕೆಲವರು ತಾಯತಕ್ಕೆ ಹಾಕುವುದುಂಟು). ಡಾಕ್ಟರ್ ಹರಾದ ಮಸಾಜುಮಿಯವರು ಅಂಥ ಬಳ್ಳಿಗಳನ್ನು ಕೂಡಿಸಿ, ಅವುಗಳಲ್ಲಿದ್ದ ಪಾದರಸವನ್ನು ಲೋಕಕ್ಕೆ ತೋರಿಸಿದರು.

ಕಂಪನಿಗೆ ಗೊತ್ತಿರಲಿಲ್ಲವೆ? 1959ರಲ್ಲಿ ಕಂಪನಿಯದೇ ಡಾಕ್ಟರ್ ಹೊಸೊಕಾವ ಕಾರ್ಖಾನೆಯ ಕೊಳೆನೀರನ್ನು ಬೆಕ್ಕಿಗೆ ಉಣಿಸಿ ನೋಡಿದರು. ಬೆಕ್ಕಿಗೆ ಅದೇ ರೋಗ ಬಂತು. ಆ ಸಂಗತಿಯನ್ನು ಮುಚ್ಚಿಟ್ಟು, ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯು ಬಡವರಿಗೆ "ಸಹಾನುಭೂತಿ ಹಣ" ಹಂಚಿತು: ಸತ್ತವರಿಗೆ 3 ಲಕ್ಷ ಯೆನ್, ಮಕ್ಕಳಿಗೆ ವರ್ಷಕ್ಕೆ 30 ಸಾವಿರ. ಮುಂದೆ ಕಂಪನಿಯೇ ಕಾರಣವೆಂದು ಸಿದ್ಧವಾದರೂ ಇನ್ನೇನನ್ನೂ ಕೇಳಕೂಡದೆಂಬ ಷರತ್ತು ಬೇರೆ! ಈ ಕರಾರನ್ನು 1973ರ ಮಾರ್ಚಿನಲ್ಲಿ ಕುಮಾಮೊಟೊ ಕೋರ್ಟು ರದ್ದುಮಾಡಿತು.

ಇನ್ನೊಂದನ್ನು ನಾವು ಮರೆಮಾಚಲಾರೆವು. 1959ರ ನವೆಂಬರಿನಲ್ಲಿ ಕೊಳೆನೀರು ನಿಲ್ಲಿಸಬೇಡಿರೆಂದು ಗವರ್ನರರ ಬಳಿಗೆ ಹೋದವರಲ್ಲಿ ಮೇಯರು ಇದ್ದರು, ವರ್ತಕರ ಮಂಡಳಿ ಇತ್ತು, ಕಾರ್ಮಿಕ ಸಂಘವೂ ಇತ್ತು. ನೀರು ನಿಂತರೆ ಕೆಲಸ ನಿಂತೀತು, ಅಂಗಡಿ ಮುಚ್ಚೀತೆಂಬ ಭಯ. ಆ ಭಯವನ್ನು ಹಗುರಾಗಿ ಕಾಣುವವರು ನಾವಲ್ಲ. ಆದರೆ 1962-63ರಲ್ಲಿ ಅದೇ ಕಂಪನಿ ಅದೇ ಕಾರ್ಮಿಕರನ್ನು ಹೊರಗೆ ಹಾಕಿ ಬೀಗ ಜಡಿಯಿತು, ಸಂಘವನ್ನು ಒಡೆಯಿತು. 1968ರ ಆಗಸ್ಟಿನಲ್ಲಿ ಮೊದಲನೆಯ ಸಂಘವು, ರೋಗಿಗಳ ಪರವಾಗಿ ಹೋರಾಡದಿದ್ದುದು ತನಗೆ ನಾಚಿಕೆಗೇಡೆಂದು ನಿರ್ಣಯ ಮಾಡಿತು.

ವರ್ತಕ ಬಂಧುಗಳಿಗೂ ಒಂದು ಮಾತು. ಪಾದರಸದಂತೆ ಸೀಸವೂ ಮಾಸನ್ನು ದಾಟುತ್ತದೆ. ಅರಿಶಿನಕ್ಕೆ ಹೊಳಪು ಬರಲೆಂದು ಬೆರೆಸುವ ಹಳದಿ ಬಣ್ಣ, ಲೆಡ್ ಕ್ರೋಮೇಟ್, ಸೀಸವೇ. ಬಾಂಗ್ಲಾದೇಶದ ಹಳ್ಳಿಗಳ ಬಸುರಿಯರ ರಕ್ತದಲ್ಲಿದ್ದ ಸೀಸವು ಇಂಥ ಅರಿಶಿನದಿಂದ ಬಂದದ್ದೆಂದು 2019ರಲ್ಲಿ ಸಿದ್ಧಪಟ್ಟಿತು. ಸೀಸ ಎಲುಬಿನಲ್ಲಿ ವರ್ಷಗಟ್ಟಲೆ ಕುಳಿತು, ಹೆಣ್ಣು ಬಸುರಾದಾಗ ರಕ್ತಕ್ಕೆ ಇಳಿಯುತ್ತದೆ. ಇಂದು ನಮ್ಮ ತಕ್ಕಡಿಯಿಂದ ಎಳೆಯ ಹುಡುಗಿಯೊಬ್ಬಳ ಮನೆಗೆ ಹೋದ ಪುಡಿಯ ಲೆಕ್ಕ, ಅವಳು ತಾಯಿಯಾಗುವ ಕಾಲಕ್ಕೆ ತೆರೆಯುತ್ತದೆ.